ಹಗ್ಗ ಕಟ್ಟಿದ ಮರ

ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಶನಿವಾರ, ಭಾನುವಾರ ಎರಡೂ ಒಟ್ಟಿಗೆ ರಜೆ ಸಿಗುವುದು ಅಪರೂಪ. ಆ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ನನಗೆ ಸಿಕ್ಕಿತ್ತು. ಪಂಪ್‌ವೆಲ್ ಬಳಿಯ ಬಾಡಿಗೆ ಮನೆಯಲ್ಲಿ ಮಲಗಿಯೇ ಕಳೆಯುವ ಯೋಚನೆಯಿತ್ತು. ಅಕ್ಕ ಫೋನ್ ಮಾಡಿ, "ನಾವು ಕೊಂಚಾಡಿಯ ಫ್ಲ್ಯಾಟಿಗೆ ಬಂದು ಎಷ್ಟು ಸಮಯ ಆಯ್ತು? ಊರೆಲ್ಲದರ ಸುದ್ದಿ ಬರೀತಿ, ಅಕ್ಕನ ಮನೆಯ ದಾರಿ ಗೊತ್ತಿಲ್ಲ," ಎಂದಳು. ಶನಿವಾರ ಬೆಳಿಗ್ಗೆ ಸಿಟಿ ಬಸ್ಸು ಹತ್ತಿದೆ.

ಬಾವ, ಅಂದರೆ ಅಕ್ಕನ ಗಂಡ, ಪಣಂಬೂರಿನಲ್ಲಿ ಬಂದರಿನ ಹತ್ತಿರ ಸಣ್ಣ ಹೋಟೆಲ್ ನಡೆಸುತ್ತಾರೆ. ಲಾರಿಯವರು, ಬಂದರಿನ ಕೆಲಸದವರು ಅವರ ಗಿರಾಕಿಗಳು. ಆ ವಾರ ಅವರೂ ಎರಡು ದಿನ ಬಾಗಿಲು ಹಾಕಿದ್ದರು. ಹಳ್ಳಿಯಲ್ಲಿ ಅವರದು ಗುತ್ತಿನ ಮನೆ, ಗದ್ದೆ ಗುಡ್ಡ ಇದ್ದ ಮನೆತನ. ಗದ್ದೆ ಪಾಲಾಗಿ ಹೋಗಿ ಬಹಳ ಕಾಲವಾಗಿದೆ; ಬಾವನ ಮಾತಿನಲ್ಲಿ ಮಾತ್ರ ಅದಕ್ಕೆ ಈಗಲೂ ಎರಡು ಬೆಳೆ ಬರುತ್ತದೆ.

ತಿಂಡಿ ಮುಗಿದ ಮೇಲೆ, "ಬಾ, ನಮ್ಮ ಏರಿಯಾ ತೋರಿಸ್ತೇನೆ," ಎಂದು ಹೊರಡಿಸಿದರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೊಂಚಾಡಿಯಲ್ಲಿ ಸಮತಟ್ಟಾದ ರಸ್ತೆ ಕಡಿಮೆ. ಹತ್ತಬೇಕು, ಇಲ್ಲವೇ ಇಳಿಯಬೇಕು. ಪಾಚಿ ಹಿಡಿದ ಮುರಕಲ್ಲಿನ ಪಾಗಾರ ಗೋಡೆಗಳು, ಅವುಗಳ ಹಿಂದೆ ಹಂಚಿನ ಹಳೆಯ ಮನೆಗಳು, ಎರಡು ಹಂಚಿನ ಮನೆಗಳ ನಡುವೆ ಲಿಫ್ಟು ಇರುವ ಕಟ್ಟಡ. ಮಳೆ ಬಿಟ್ಟು ಆಟಿಯ ಚುರುಕು ಬಿಸಿಲು ಬಿದ್ದಿತ್ತು. ಒಂದು ತಿರುವಿನಲ್ಲಿ ನಿಂತರೆ ಕೂಳೂರಿನ ಕಡೆಯ ಹೊಳೆ ಕೆಂಪಾಗಿ ಕಾಣುತ್ತಿತ್ತು. ಗೂಡಂಗಡಿಯೊಂದರಲ್ಲಿ ಚಹಾ, ಗೋಳಿಬಜೆ ತಿಂದೆವು. ಬಾವ ಒಂದನ್ನು ಮುರಿದು ಒಳಗೆ ನೋಡಿ, "ಹಿಟ್ಟಿಗೆ ಮೊಸರು ತೋರಿಸಿದ್ದಾನೆ, ಹಾಕ್ಲಿಲ್ಲ," ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ, ಮತ್ತೆರಡು ತರಿಸಿ ತಿಂದರು.

ಇಳಿಜಾರಿನ ಕೊನೆಯಲ್ಲಿ ಒಂದು ಖಾಲಿ ಜಾಗ. ಈ ಜಾಗ ಮಾರಾಟಕ್ಕಿಲ್ಲ ಎಂಬ ಬೋರ್ಡು, ಮುರಿದ ಗೇಟು, ಒಳಗೆ ಸೊಂಟದೆತ್ತರದ ಹುಲ್ಲು, ರಸ್ತೆಗೆ ಸಮೀಪವೇ ನಾಲ್ಕೈದು ಮರ. ಬಾವ ನಿಂತರು.

"ನೋಡು, ಪಾಲೆ."

ಕನ್ನಡದಲ್ಲಿ ಹಾಲೆ ಮರ. ಎಲೆಗಳು ಒಂದೇ ಗೆಣ್ಣಿನಿಂದ ಸುತ್ತಲೂ ಹೊರಟು ಬಿಡಿಸಿದ ಕೊಡೆಯ ಹಾಗೆ ಕಾಣುತ್ತವೆ. ಮರುದಿನ ಭಾನುವಾರ ಆಟಿ ಅಮಾವಾಸ್ಯೆ. ತುಳುನಾಡಿನಲ್ಲಿ ಆ ದಿನ ಸೂರ್ಯ ಹುಟ್ಟುವ ಮೊದಲು ಈ ಮರದ ಕೆತ್ತೆ, ಎಂದರೆ ತೊಗಟೆ, ಜಜ್ಜಿ ತೆಗೆದು, ರಸ ಹಿಂಡಿ, ಬೆಳ್ಳುಳ್ಳಿ, ಓಮ, ಕರಿಮೆಣಸು ಸೇರಿಸಿ, ಕಾದ ಬೆಣಚುಕಲ್ಲು ಹಾಕಿ ಕಷಾಯ ಮಾಡುತ್ತಾರೆ. ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ಕಾಯಿಲೆ ಬರುವುದಿಲ್ಲ ಎಂದು ನಂಬಿಕೆ. ಕೆತ್ತೆಗೆ ಕಬ್ಬಿಣ ತಾಗಬಾರದು, ಕಲ್ಲಿನಿಂದಲೇ ಜಜ್ಜಬೇಕು. ದೀಪ ಒಯ್ಯಬಾರದು. ದಾರಿಯಲ್ಲಿ ಮಾತಾಡಬಾರದು. ಹಾಗಾಗಿ ಹಿಂದಿನ ದಿನವೇ ಹೋಗಿ ಮರ ನೋಡಿ ಗುರುತು ಮಾಡಿಟ್ಟು ಬರುವುದು ಕ್ರಮ.

ಬಾವ ಉಗುರಿನಿಂದ ಕೆರೆದರು. ಬಿಳಿ ಹಾಲು ಬಂತು. ಕಿಸೆಯಿಂದ ಪ್ಲಾಸ್ಟಿಕ್ ಹಗ್ಗದ ತುಂಡು ತೆಗೆದು ಎದೆಯೆತ್ತರಕ್ಕೆ ಕಾಂಡಕ್ಕೆ ಸುತ್ತಿ ಗಂಟು ಹಾಕಿದರು.

"ಟಾರ್ಚ್ ತಂದ್ರೆ ಆಗ್ತದಲ್ಲ ಬಾವ," ಎಂದೆ.

"ಮೊಬೈಲ್ ಲೈಟ್ ಹಾಕಿ ಕೆತ್ತೆ ತೆಗೆಯುವವ ನಮ್ಮ ಮನೆಯಲ್ಲಿ ಹುಟ್ಲಿಲ್ಲ ಮಾರಾಯ."

"ಪ್ರತಿ ವರ್ಷ ನಮ್ಮ ಪೇಪರಿನಲ್ಲಿ ಹಾಕ್ತೇವೆ, ಮರ ಗುರುತಿಸಿ ತನ್ನಿ ಅಂತ."

"ಅದು ಪೇಟೆಯವರಿಗೆ."

ನಾವು ನಿಂತಿದ್ದದ್ದು ಪೇಟೆಯಲ್ಲೇ.

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮೇಲಿನ ಮನೆಯ ಬ್ಯಾರಿ ಮುಸ್ಲಿಂ ಕುಟುಂಬದ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಬಿಸಿಲಿಗೆ ಕೂತಿದ್ದರು. ಅವರನ್ನು ಕಟ್ಟಡದಲ್ಲಿ ಎಲ್ಲರೂ ಉಮ್ಮ, ಅಂದರೆ ಅಮ್ಮ, ಎನ್ನುತ್ತಿದ್ದರು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಮಗ ಪಕ್ಕದಲ್ಲಿ ಕಾರು ಒರೆಸುತ್ತಿದ್ದ.

"ನಾಳೆ ಕಷಾಯ ಮಾಡ್ತೀಯಲ್ಲ?" ಉಮ್ಮ ಬಾವನನ್ನು ಕೇಳಿದರು. "ನನಗೂ ಒಂದು ಗ್ಲಾಸ್ ಕಳಿಸು. ಸಣ್ಣದಿರುವಾಗ ನೆರೆಮನೆಯ ಬಾಯಮ್ಮ ಕೊಡ್ತಿದ್ರು. ಕುಡಿಯದಿದ್ರೆ ಬೆತ್ತ ಹಿಡ್ಕೊಂಡು ಬರ್ತಿದ್ಲು ನನ್ನ ಉಮ್ಮ."

ಮಗ ತಲೆಯೆತ್ತಿದ. "ಬಿಪಿ ಮಾತ್ರೆ ತಗೊಳ್ತಾ ಇದ್ದೀರಿ. ಅದೆಲ್ಲ ಬೇಡ."

"ನೀನು ಹುಟ್ಟುವ ಮೊದಲೇ ನಾನು ಕುಡಿದವಳು. ಕಾರು ಒರೆಸು."

"ಕಳಿಸ್ತೇನೆ ಉಮ್ಮ," ಎಂದರು ಬಾವ. ಮಗನ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಅವನು ಬಟ್ಟೆ ಹಿಂಡಿದ.

ಭಾನುವಾರ ನಾನು ಎದ್ದಾಗ ಬಾವ ಕೆತ್ತೆ ತಂದಾಗಿತ್ತು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಓಮದ ವಾಸನೆ. ಅಕ್ಕ ಪಾತ್ರೆಯೊಳಗೆ ಬಗ್ಗಿ ನೋಡುತ್ತಿದ್ದಳು.

"ಬಣ್ಣ ಎಂತ ಹೀಗೆ? ಹಾಲು ಹಾಲಾಗಿ ಇರ್ತದಲ್ಲ."

"ಮಳೆಯ ನೀರು ಕುಡಿದ ಮರ. ತೆಳು ಆಗಿದೆ."

ಬಾವ ಒಂದು ಗ್ಲಾಸು ತುಂಬ ಒಂದೇ ಉಸಿರಿಗೆ ಕುಡಿದು ಕಣ್ಣು ಮುಚ್ಚಿದರು. ಅಕ್ಕ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯಿಡ್ ಮಾತ್ರೆ ತೆಗೆದುಕೊಳ್ಳುವವಳು. ಆಮೇಲೆ ಕುಡಿಯುತ್ತೇನೆ ಎಂದಳು. ನಾನು ನಾಲಿಗೆಗೆ ತಾಗಿಸಿ ಲೋಟ ಕೆಳಗಿಟ್ಟೆ. ಕಹಿ ಗಂಟಲಿನವರೆಗೆ ಹೋಯಿತು. ಬಾವ ನಕ್ಕು, ಎರಡು ಬಾಟಲಿಗೆ ಕಷಾಯ ತುಂಬಿಸಿದರು. ಒಂದನ್ನು ಎದುರು ಮನೆಯ ಬಾಗಿಲಿನ ಹಿಡಿಗೆ ಚೀಲದಲ್ಲಿ ತೂಗುಹಾಕಿದರು. ಇನ್ನೊಂದನ್ನು ಮೇಲೆ ಕೊಂಡುಹೋಗಿ ಉಮ್ಮನ ಕೈಗೇ ಕೊಟ್ಟು ಬಂದರು.

ಕಷಾಯದ ಉಷ್ಣ ಇಳಿಯಲು ಮೆಂತೆ ಗಂಜಿ ತಿನ್ನಬೇಕು. ಅಕ್ಕ ಅದನ್ನು ಬೇಯಲು ಇಟ್ಟಿದ್ದಳು. "ಬೇಯುವುದರೊಳಗೆ ಒಂದು ಸುತ್ತು ಹೋಗಿ ಬರುವ," ಎಂದರು ಬಾವ. ಹೊರಟೆವು.

ಬೆಳಕು ಆಗಷ್ಟೇ ಹರಿದಿತ್ತು. ರಸ್ತೆ ಖಾಲಿ. ಹಿಂದಿನ ದಿನ ನಿಂತ ತಿರುವಿನಲ್ಲೇ ಬಾವ ನಿಂತು ಬಲಗಾಲಿನ ಮೀನಖಂಡ ಒತ್ತಿಕೊಂಡರು.

"ಕಾಲು ಹಿಡ್ಕೊಂಡಿತು."

"ಕೂತ್ಕೊಳ್ಳಿ."

"ಏಯ್, ಎಂತ ಇಲ್ಲ. ಹೋಟೆಲಿನಲ್ಲಿ ನಿಂತು ನಿಂತು." ಮತ್ತೆ ನಡೆದರು. ಸ್ವಲ್ಪ ದೂರದಲ್ಲಿ ಹಿಂದಿನಿಂದ ಸ್ಕೂಟರಿನ ಹಾರ್ನ್ ಕೇಳಿತು. ಬಾವ ಬೆಚ್ಚಿದರು. ಸಾಮಾನ್ಯಕ್ಕೆ ಬೆಚ್ಚುವವರಲ್ಲ. ಇಡೀ ಮೈ ಒಮ್ಮೆ ಜಗ್ಗಿದ ಹಾಗಾಯಿತು. ನಾನು ಅವರ ಮುಖ ನೋಡಿದೆ. ಅವರು ಎದುರು ನೋಡುತ್ತಿದ್ದರು.

ಖಾಲಿ ಜಾಗದ ಎದುರು ಬಂದಾಗ ಹಿಂದಿನ ದಿನ ಇಲ್ಲದ ಒಂದು ಫ್ಲೆಕ್ಸ್ ಕಂಡಿತು. ಯಾವುದೋ ಯುವಕ ಮಂಡಲದವರ ಆಟಿ ಕಾರ್ಯಕ್ರಮದ್ದು. ನಾವು ಹೋದ ಮೇಲೆ ಸಂಜೆ ಯಾರೋ ಎರಡು ಮರಗಳ ನಡುವೆ ಕಟ್ಟಿದ್ದರು. ಅದರ ಹಗ್ಗ ಒಂದು ಕಾಂಡಕ್ಕೆ ಎದೆಯೆತ್ತರದಲ್ಲಿ ಸುತ್ತಿತ್ತು. ಆ ಹಗ್ಗದ ಕೆಳಗೆ ಕೆತ್ತೆ ಜಜ್ಜಿ ತೆಗೆದ ಹಸಿ ಗಾಯ. ಅದರಾಚೆ ನಾಲ್ಕು ಹೆಜ್ಜೆಯಲ್ಲಿ ಪಾಲೆ ಮರ, ನಮ್ಮ ತುಂಡು ಹಗ್ಗ ಹಾಗೇ ಇತ್ತು. ಅದರ ತೊಗಟೆಯಲ್ಲಿ ಬಾವನ ಉಗುರಿನ ಗೆರೆ ಬಿಟ್ಟರೆ ಬೇರೆ ಗುರುತಿರಲಿಲ್ಲ.

ಬಾವನೂ ನೋಡಿದರು.

ನಾನು ಒಳಗೆ ಹೋಗಿ ಗಾಯವಾದ ಮರದ ತಗ್ಗಿನ ಕೊಂಬೆ ಎಳೆದೆ. ಎಲೆಗಳು ಕೊಡೆಯ ಹಾಗೆ ಇರಲಿಲ್ಲ. ಎದುರುಬದುರು ಜೋಡಿ ಎಲೆ, ಅಗಲ, ನುಣುಪು, ಬುಡದಿಂದಲೇ ಎದ್ದು ಕಾಣುವ ಉದ್ದದ ನರಗಳು. ಗಾಯದಲ್ಲಿ ಹಾಲಿನ ಅಂಶವೇ ಇಲ್ಲ. ಪ್ರತಿ ವರ್ಷ ನಮ್ಮ ಪತ್ರಿಕೆಯಲ್ಲಿ ಹಾಕುವ ಎಚ್ಚರಿಕೆಯಲ್ಲಿ ಎರಡು ಚಿತ್ರ ಇರುತ್ತವೆ. ಎರಡನೆಯದರ ಕೆಳಗಿನ ಅಡಿಬರಹವನ್ನು ನಾನೇ ತಿದ್ದಿದ್ದೇನೆ: ಕಾಸರಕ, ವಿಷ.

"ಕತ್ತಲಲ್ಲಿ ಕೈಗೆ ಹಗ್ಗ ಸಿಕ್ಕಿತು," ಎಂದರು ಬಾವ. "ಹಗ್ಗ ಸಿಕ್ಕಿತಲ್ಲ ಮಾರಾಯ."

ನಾನು ಫೋನ್ ತೆಗೆದೆ. ಬಾವ ನನ್ನ ಮಣಿಕಟ್ಟು ಹಿಡಿದರು. ಅವರ ಬೆರಳುಗಳು ಬಿಗಿದುಕೊಂಡಿದ್ದವು.

"ಮೇಲಿನ ಮನೆಗೆ ಈಗಲೇ ಹೇಳ್ಬೇಡ. ಮೊದಲು ನನಗೆ ಎಂತ ಆಗ್ತದೆ ನೋಡುವ. ಅವರು ಕುಡೀಲಿಲ್ಲವೋ ಏನೋ. ಸುಮ್ಮನೆ ಹೇಳಿದ್ರೆ, ಇಂಥವರ ಮನೆಯಿಂದ ಅಂಥವರ ಮನೆಗೆ ವಿಷ ಹೋಯ್ತು ಅಂತ ಆಗ್ತದೆ. ಈ ಊರಿನಲ್ಲಿ ಅದು ಎಂತ ಆಗ್ತದೆ ನಿನಗೆ ಗೊತ್ತುಂಟಲ್ಲ? ನಿನಗಿಂತ ಹೆಚ್ಚು ಯಾರಿಗೆ ಗೊತ್ತು?"

ಗೊತ್ತಿತ್ತು. ಯಾವ ಪದ ಶೀರ್ಷಿಕೆಗೆ ಏರುತ್ತದೆ, ಮೊಬೈಲಿನಲ್ಲಿ ಯಾವ ಪದ ಸೇರಿಕೊಳ್ಳುತ್ತದೆ, ಸಂಜೆಯೊಳಗೆ ಯಾವ ಅಂಗಡಿಗಳು ಬಾಗಿಲು ಹಾಕುತ್ತವೆ, ಎಲ್ಲ ಗೊತ್ತಿತ್ತು. ಉಮ್ಮನ ವಯಸ್ಸೂ ಗೊತ್ತಿತ್ತು. ಬಾವನ ಬೆರಳು ಬಿಡಿಸಿ ಅಕ್ಕನಿಗೆ ಕರೆ ಮಾಡಿದೆ.

"ಕಷಾಯ ಕುಡಿದಿದ್ದೀಯಾ?"

"ಇಲ್ಲ, ಗಂಜಿಗೆ ಕಾಯಿಹಾಲು..."

"ಕುಡೀಬೇಡ. ಅದು ಬೇರೆ ಮರ. ಎದುರು ಮನೆಯ ಚೀಲ ತೆಗೆ, ಮೇಲೆ ಹೋಗಿ ಉಮ್ಮನಿಗೆ ಹೇಳು. ಫೋನ್ ಕಟ್ ಮಾಡ್ಬೇಡ."

ಅಕ್ಕ ಏನೂ ಕೇಳಲಿಲ್ಲ. ಗ್ಯಾಸ್ ಆರಿಸಿದ ಸದ್ದು. ಬಾಗಿಲು. ಪ್ಲಾಸ್ಟಿಕ್ ಚೀಲದ ಸರಪರ. "ಎದುರಿನವರದ್ದು ಇಲ್ಲೇ ಉಂಟು, ಮುಟ್ಲಿಲ್ಲ," ಎಂದಳು. ಆಮೇಲೆ ಮೆಟ್ಟಿಲಲ್ಲಿ ಅವಳ ಚಪ್ಪಲಿ. ಬೆಲ್. ಬಹಳ ಹೊತ್ತು ಯಾರೂ ತೆರೆಯಲಿಲ್ಲ. ಮತ್ತೆ ಬೆಲ್. ಬಾವ ಪಾಗಾರಕ್ಕೆ ಒರಗಿ ಕೂತಿದ್ದರು, ಕಣ್ಣು ನನ್ನ ಫೋನಿನ ಮೇಲೆ.

ಬಾಗಿಲು ತೆರೆಯಿತು. ಮಗನ ದನಿ, ನಿದ್ದೆಯದು. ಅಕ್ಕ ಒಂದೇ ವಾಕ್ಯದಲ್ಲಿ ಹೇಳಿದಳು: "ಕಷಾಯ ತಪ್ಪು ಮರದ್ದು, ವಿಷ ಇರಬಹುದು, ಉಮ್ಮ ಕುಡಿದಿದ್ದಾರಾ?"

ದೂರದಿಂದ ಉಮ್ಮನ ದನಿ. "ನಮಾಜು ಮುಗಿಸಿ ಕುಡಿದೆ. ಪೂರಾ ಕುಡಿದೆ. ಎಂತಕ್ಕೆ?"

ನಾವಿದ್ದ ಜಾಗವನ್ನು ಫೋನಿನಲ್ಲಿ ಹೇಳಿದೆ. ಉಮ್ಮನ ಮಗನ ಕಾರು ಇಳಿಜಾರಿನಲ್ಲಿ ಬಂದು ನಮ್ಮ ಎದುರು ನಿಂತಿತು. ಉಮ್ಮ ಮುಂದಿನ ಸೀಟಿನಲ್ಲಿ, ಅಕ್ಕ ಹಿಂದೆ, ಮಡಿಲಲ್ಲಿ ಉಳಿದ ಕಷಾಯದ ಬಾಟಲಿ. ನಾನು ಎಲೆಯಿದ್ದ ಕೊಂಬೆ ಮುರಿದುಕೊಂಡೆ. ಬಾವನಿಗೆ ಏಳಲು ಆಗಲಿಲ್ಲ. ಮಗ ಇಳಿದು ಬಂದು ಒಂದು ಕಡೆ ಹಿಡಿದ. ಇಬ್ಬರೂ ಸೇರಿ ಸೀಟಿಗೆ ಹಾಕಿದೆವು.

ಕಾರು ಹೊರಟ ಮೇಲೆ ಮಗ ಹೇಳಿದ: "ಬೇಡ ಅಂತ ನಾನು ನಿನ್ನೆಯೇ ಹೇಳಿದ್ದೆ."

"ಹೌದು, ನೀನು ಹೇಳಿದ್ದಿ," ಎಂದರು ಬಾವ.

"ಬಾಯಿಗೆ ಬೆರಳು ಹಾಕಿ ಉಮ್ಮ, ವಾಂತಿ ಮಾಡಿ."

ಬೇಡ ಎಂದೆ. ಮೈ ಸೆಟೆಯುವ ವಿಷಕ್ಕೆ ವಾಂತಿ ಮಾಡಿಸಿದರೆ ಅದು ಉಸಿರಿನ ದಾರಿಗೆ ಸಿಕ್ಕಬಹುದು ಎಂದು ಆರೋಗ್ಯ ಪುಟದಲ್ಲಿ ಓದಿದ್ದು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ನೀವು ಡಾಕ್ಟ್ರಾ?"

"ಅಲ್ಲ."

"ಹಾಗಾದ್ರೆ ಸುಮ್ಮನಿರಿ." ಆದರೆ ಮತ್ತೆ ವಾಂತಿಯ ಮಾತೆತ್ತಲಿಲ್ಲ.

ಉಮ್ಮ ಮಾತ್ರ ಮಾತಾಡುತ್ತಿದ್ದರು. "ಇಷ್ಟು ಜೋರು ಹೋಗ್ಬೇಡ, ಕಷಾಯದಲ್ಲಿ ಸಾಯದವಳು ನಿನ್ನ ಡ್ರೈವಿಂಗಿನಲ್ಲಿ ಸಾಯ್ತೇನೆ." ಮುಖ್ಯ ರಸ್ತೆ ಸಿಗುವವರೆಗೂ ಹೀಗೆ ಏನಾದರೂ ಹೇಳುತ್ತಲೇ ಇದ್ದರು. ಆಮೇಲೆ, "ಕುತ್ತಿಗೆ ತಿರುಗಿಸಲಿಕ್ಕೆ ಆಗುವುದಿಲ್ಲ," ಎಂದರು. ದನಿ ಬದಲಾಗಿತ್ತು. ಹಲ್ಲು ಕಚ್ಚಿಕೊಂಡು ಮಾತಾಡಿದ ಹಾಗಿತ್ತು. ಮಗ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಅವರ ಕೈ ಹಿಡಿದುಕೊಂಡ.

ಆಸ್ಪತ್ರೆಯ ಇಳಿಜಾರಿನಲ್ಲಿ ಹಿಂದಿನ ಆಂಬ್ಯುಲೆನ್ಸು ಸೈರನ್ ಹಾಕಿತು. ಉಮ್ಮನ ಬೆನ್ನು ಬಿಲ್ಲಿನ ಹಾಗೆ ಬಗ್ಗಿ ಸೀಟಿನಿಂದ ಮೇಲೆದ್ದಿತು. ಹಿಂದಿನ ಸೀಟಿನಲ್ಲಿ ಬಾವನದ್ದೂ ಅದೇ ಸ್ಥಿತಿ. ಅಕ್ಕ ಅವರ ತಲೆಯನ್ನು ಎದೆಗೆ ಒತ್ತಿ ಹಿಡಿದಳು. ಇಬ್ಬರಿಗೂ ಪ್ರಜ್ಞೆ ಇತ್ತು. ಕಣ್ಣು ತೆರೆದೇ ಇತ್ತು. ಅದನ್ನು ನೋಡುವುದು ಎಲ್ಲಕ್ಕಿಂತ ಕಷ್ಟವಾಗಿತ್ತು.

ತುರ್ತು ವಿಭಾಗದ ಡಾಕ್ಟರು ಯುವತಿ. ಏನು ಕುಡಿದದ್ದು, ಎಷ್ಟು, ಯಾವಾಗ ಎಂದು ಕೇಳಿದರು. ಎಲೆ, ಬಾಟಲಿ ಎರಡನ್ನೂ ಮೇಜಿನ ಮೇಲಿಟ್ಟೆ. ಕೊಂಬೆ ತಿರುಗಿಸಿ ನೋಡಿ, ಹಿರಿಯರೊಬ್ಬರಿಗೆ ಫೋನ್ ಮಾಡಿದರು. ಇಬ್ಬರಿಗೂ ಇಂಜೆಕ್ಷನ್ ಕೊಟ್ಟರು. ಒಳಗಿನ ಕೋಣೆಗೆ ಸಾಗಿಸಿ ದೀಪ ಆರಿಸಿದರು. ಹೊರಗೆ ಬಂದು ನಮಗೆ ಹೇಳಿದರು: "ಸದ್ದು ಆಗ್ಬಾರದು, ಬೆಳಕು ಆಗ್ಬಾರದು, ಯಾರೂ ಮುಟ್ಟಬಾರದು. ಸ್ವಲ್ಪ ತಾಗಿದ್ರೂ ಮತ್ತೆ ಹಿಡ್ಕೊಳ್ತದೆ. ಅಣ್ಣನವರು ತಡ್ಕೊಳ್ಳಬಹುದು. ಅಮ್ಮನಿಗೆ ವಯಸ್ಸಾಗಿದೆ, ಉಸಿರಾಟದ ಸ್ನಾಯು ಹಿಡಿದ್ರೆ ವೆಂಟಿಲೇಟರ್ ಹಾಕ್ಬೇಕಾಗ್ತದೆ. ಸಂಜೆಯವರೆಗೆ ನಾನು ಏನೂ ಹೇಳುವುದಿಲ್ಲ."

ಕಾರಿಡಾರಿನಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಅಕ್ಕ ನಡುವೆ. ಮಗ ಮೊಬೈಲು ಆಫ್ ಮಾಡಿ ಕಿಸೆಯಲ್ಲಿಟ್ಟಿದ್ದ. ನನ್ನದು ಕಂಪಿಸಿತು. ಆಫೀಸಿನ ಸಹೋದ್ಯೋಗಿ. ಹೊರಗೆ ಹೋಗಿ ಎತ್ತಿಕೊಂಡೆ.

"ರಜೆಯಲ್ಲಿ ತೊಂದರೆ ಕೊಡ್ತೇನೆ. ಕೊಂಚಾಡಿಯಲ್ಲಿ ಎಂತದೋ ಆಗಿದೆಯಂತೆ, ಕಷಾಯ ಕುಡಿದು ಇಬ್ಬರು. ಬೇರೆ ಬೇರೆ ಕೋಮಿನವರಂತೆ. ಯಾರು ಯಾರಿಗೆ ಕೊಟ್ಟದ್ದು ಅಂತ ಗ್ರೂಪಿನಲ್ಲಿ ಕೇಳ್ತಾ ಇದ್ದಾರೆ. ನೀನು ಆ ಕಡೆಯಲ್ಲವಾ?"

"ಆಸ್ಪತ್ರೆಯಲ್ಲೇ ಇದ್ದೇನೆ. ಒಬ್ಬರು ನನ್ನ ಬಾವ. ಹಾಗಾಗಿ ನಾನು ಬರೆಯುವ ಹಾಗಿಲ್ಲ. ಬೇರೆ ಯಾರಾದ್ರೂ ಡಾಕ್ಟರನ್ನು ಕೇಳಿ ಬರೆಯಲಿ. ಹಾಲೆ ಮರ ಅಂತ ಕಾಸರಕದ ತೊಗಟೆ ತಂದದ್ದು. ತಂದವರೇ ಮೊದಲು ಕುಡಿದದ್ದು. ಇದು ನನಗೆ ಗೊತ್ತಿರುವುದು. ಬೇರೆ ಗೊತ್ತಿಲ್ಲ."

"ಕೋಮಿನ ವಿಷಯ?"

"ಮರಕ್ಕೆ ಅದು ಗೊತ್ತಿರಲಿಲ್ಲ."

ಅವನು ನಗಲಿಲ್ಲ, ಫೋನ್ ಇಟ್ಟ.

ಒಳಗೆ ಬಂದಾಗ ಪೊಲೀಸ್ ಸಿಬ್ಬಂದಿಯೊಬ್ಬರು ಬೆಂಚಿನ ಮುಂದೆ ನಿಂತಿದ್ದರು. ವಿಷದ ಪ್ರಕರಣವಾದ್ದರಿಂದ ಆಸ್ಪತ್ರೆಯವರು ತಿಳಿಸಲೇಬೇಕು, ಅವರು ಬಂದು ಹೇಳಿಕೆ ಪಡೆಯಲೇಬೇಕು. ಮಗನ ಮುಂದೆ ಹಾಳೆ ಹಿಡಿದು ಕೇಳುತ್ತಿದ್ದರು.

"ನಿಮ್ಮ ತಾಯಿಗೆ ಕೊಟ್ಟದ್ದು ಯಾರು?"

ಅಕ್ಕ ನೆಲ ನೋಡುತ್ತಿದ್ದಳು. ಬಾವನ ಹೆಸರು ಈಗ ಬರುತ್ತದೆ, ಅದರ ನಂತರ ಏನೆಲ್ಲ ಬರುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮಗ ಮುಚ್ಚಿದ ಬಾಗಿಲಿನ ಕಡೆ ನೋಡಿದ.

"ನನ್ನ ಉಮ್ಮ ಕೇಳಿ ತರಿಸಿಕೊಂಡದ್ದು. ಕೊಟ್ಟವರೂ ಕುಡಿದಿದ್ದಾರೆ, ಒಳಗೆ ಪಕ್ಕದ ಮಂಚದಲ್ಲಿ ಇದ್ದಾರೆ. ಅವರ ಹೆಸರು ಬರ್ಕೊಳ್ಳಿ. ಅವರ ಹೆಂಡತಿಯೇ ಬಂದು ನನ್ನನ್ನು ಎಬ್ಬಿಸಿದ್ದು, ಅದನ್ನೂ ಬರ್ಕೊಳ್ಳಿ."

"ಯಾರ ಮೇಲಾದ್ರೂ ಸಂಶಯ?"

"ಇಲ್ಲ." ಹಾಳೆಯ ಕಡೆ ಕೈ ತೋರಿಸಿ, "ಸಿಟ್ಟು ಉಂಟು. ಸಂಶಯ ಇಲ್ಲ. ಸಿಟ್ಟು ಬರೀಲಿಕ್ಕೆ ಜಾಗ ಇಲ್ಲದಿದ್ರೆ ಬಿಡಿ."

ಪೊಲೀಸರು ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡು ಹೋದರು. ಮಗ ಬೆಂಚಿನಲ್ಲಿ ಮತ್ತೆ ಕೂರಲಿಲ್ಲ. ಕಾರಿಡಾರಿನ ಇನ್ನೊಂದು ತುದಿಯಲ್ಲಿ, ಕಿಟಕಿಯ ಹತ್ತಿರ, ನಮಗೆ ಬೆನ್ನು ಹಾಕಿ ನಿಂತ.

ಮಧ್ಯಾಹ್ನ ಒಮ್ಮೆ ಒಳಗೆ ಟ್ರೇ ಬಿದ್ದ ಸದ್ದಾಯಿತು. ನರ್ಸುಗಳು ಓಡಿದರು. ಮಗ ಬಾಗಿಲಿನವರೆಗೆ ಬಂದ, ಒಳಗೆ ಹೋಗಲಿಲ್ಲ. ಮುಟ್ಟಬಾರದು ಎಂದಿದ್ದರಲ್ಲ. ಎರಡೂ ಕೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ನಿಂತಿದ್ದ. ಅಕ್ಕ ಎದ್ದು ಹೋಗಿ ಅವನ ಪಕ್ಕ ನಿಂತಳು. ಯಾರಿಗೆ ಹಿಡಿದುಕೊಂಡಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ನರ್ಸು ಹೊರಗೆ ಬಂದು, "ಅಮ್ಮನಿಗೆ. ಈಗ ಬಿಟ್ಟಿದೆ," ಎಂದರು. ಅಕ್ಕನ ಮುಖದಲ್ಲಿ ಒಂದು ಕ್ಷಣ ನಿರಾಳ ಬಂದು ಹೋದದ್ದನ್ನು ನಾನು ನೋಡಿದೆ. ಅವನೂ ನೋಡಿದ ಎಂದು ನನ್ನ ಊಹೆ.

ವೆಂಟಿಲೇಟರ್ ಬೇಕಾಗಲಿಲ್ಲ. ಸಂಜೆ ಡಾಕ್ಟರು ಬಂದು, ಹಿಡಿದುಕೊಳ್ಳುವುದು ನಿಂತಿದೆ, ಇಂದು ಇಲ್ಲೇ ಇರಲಿ, ನಾಳೆ ನೋಡುವ ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಗ್ರೂಪುಗಳಲ್ಲಿ ಏನೇನೋ ಬಂತು, ಹೋಯಿತು. ಮರುದಿನದ ನಮ್ಮ ಪತ್ರಿಕೆಯಲ್ಲಿ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು, ಅದರಲ್ಲಿ ಮರದ ಹೆಸರು ಮಾತ್ರ ಇತ್ತು. ಅದನ್ನು ಯಾರು ಬರೆದರೆಂದು ನಾನು ಕೇಳಲಿಲ್ಲ.

ಸೋಮವಾರ ಇಬ್ಬರನ್ನೂ ಸಾಮಾನ್ಯ ವಾರ್ಡಿಗೆ ತಂದರು. ಬಾವನಿಗೆ ಮೈಯೆಲ್ಲ ಹೊಡೆದು ಹಾಕಿದ ಹಾಗೆ ನೋವು. ಆದರೂ ಗೋಡೆ ಹಿಡಿದುಕೊಂಡು ಹೆಂಗಸರ ವಾರ್ಡಿಗೆ ಹೋದರು. ನಾನು ಹಿಂದೆ ಹೋದೆ. ಉಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಮಗ ಪಕ್ಕದಲ್ಲಿದ್ದ. ಬಾವನನ್ನು ಕಂಡು ಎದ್ದುನಿಂತ. ಗೌರವಕ್ಕೆ ಎದ್ದದ್ದಲ್ಲ, ದಾರಿಗೆ ಅಡ್ಡವಾಗಿ.

"ಇನ್ನು ನಮ್ಮ ಮನೆಗೆ ಎಂತದೂ ಕಳಿಸ್ಬೇಡಿ ಅಣ್ಣ," ಎಂದ. ದನಿ ಏರಿಸಲಿಲ್ಲ. "ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ."

"ಆಯ್ತು," ಎಂದರು ಬಾವ. ಗುತ್ತಿನ ಮನೆಯವರು ಅಷ್ಟು ಚಿಕ್ಕ ಉತ್ತರ ಕೊಟ್ಟದ್ದನ್ನು ನಾನು ಮೊದಲು ಕೇಳಿರಲಿಲ್ಲ. ತಿರುಗಿ ಹೋಗಲು ಹೊರಟರು, ಆದರೆ ಕಾಲು ನಿಲ್ಲಲಿಲ್ಲ, ಮಂಚದ ಕಂಬಿ ಹಿಡಿದರು.

ಉಮ್ಮ ಕಣ್ಣು ತೆರೆಯದೆಯೇ ಮಾತಾಡಿದರು. ದವಡೆ ಇನ್ನೂ ಪೂರ್ತಿ ಸಡಿಲವಾಗಿರಲಿಲ್ಲ. "ನಾನು ಸತ್ತಿದ್ರೆ ನೀನು ಹೇಳಿದ್ದು ಸರಿ. ಸಾಯ್ಲಿಲ್ಲ. ಕೇಳಿದವಳು ನಾನು, ಜಗಳ ಮಾಡುವುದಿದ್ರೆ ನಾನು ಮಾಡ್ತೇನೆ, ಮೊದಲು ಬಾಯಿ ಸರಿಯಾಗಲಿ. ಅವನಿಗೆ ನಿಲ್ಲಲಿಕ್ಕೆ ಆಗುವುದಿಲ್ಲ, ಕಾಣುವುದಿಲ್ಲವಾ ನಿನಗೆ?"

ಮಗ ಗೋಡೆಯ ಬದಿಯಲ್ಲಿದ್ದ ಕಬ್ಬಿಣದ ಸ್ಟೂಲನ್ನು ನೆಲದ ಮೇಲೆ ಎಳೆಯದೆ, ಎರಡೂ ಕೈಯಲ್ಲಿ ಎತ್ತಿ ತಂದು, ಸದ್ದಾಗದ ಹಾಗೆ ಬಾವನ ಹಿಂದೆ ಇಟ್ಟ. ಅವರು ಕೂತರು. ಅವನು ಅವರ ಮುಖ ನೋಡಲಿಲ್ಲ.